ವಿಶ್ವದ ಯುವಿ ಬೆಳಕು ಅಳೆಯುದಕ್ಕೆ ಐದಾರು ದಾರಿ ಉಂಟು, ನಿಮ್ಮ ಲ್ಯಾಪ್‌ಟಾಪಿಗೂ ನಿಮ್ಮ ಪುರುಸೊತ್ತಿಗೂ ಯಾವುದು ಆದೀತು?

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ಒಂದೇ ಪ್ರಶ್ನೆ ಕೇಳಿದ್ರು. ಒಬ್ಳು ಪೆರ್ಲದ ಹುಡುಗಿ, ಎಂಎಸ್ಸಿ ಫೈನಲ್, ಪ್ರಾಜೆಕ್ಟಿಗೆ ನಾಲ್ಕು ತಿಂಗಳು ಟೈಮು, ಅಪ್ಪ ಅಡಿಕೆ ಮಾರಿ ತೆಗೆದುಕೊಟ್ಟ 8 ಜಿಬಿ ಲ್ಯಾಪ್‌ಟಾಪು. ಇನ್ನೊಬ್ರು ಹೊಸೂರಿನಲ್ಲಿ ಕಂಪೆನಿ ಕೆಲಸದಲ್ಲಿ ಇರುವವರು, ಶನಿವಾರ ಆದಿತ್ಯವಾರ ಮಾತ್ರ ಪುರುಸೊತ್ತು, ಆದ್ರೆ ಮನೆಯಲ್ಲಿ ಗೇಮ್ ಆಡ್ಲಿಕ್ಕೆ ಅಂತ ತೆಗೊಂಡ ದೊಡ್ಡ ಡೆಸ್ಕ್‌ಟಾಪ್ ಉಂಟು. ಮೂರನೆಯವ ಈಗಷ್ಟೇ ಪಿಎಚ್‌ಡಿಗೆ ಸೇರಿದ ಬದಿಯಡ್ಕದ ಹುಡುಗ, ಅವನ ಹತ್ರ ಟೈಮೂ ಉಂಟು ಕಂಪ್ಯೂಟರೂ ಉಂಟು, ಯಾವ ಕಡೆ ಹೋಗುದು ಅಂತ ಮಾತ್ರ ಗೊತ್ತಿಲ್ಲ. ಕ್ವೇಸಾರ್ ಸ್ಪೆಕ್ಟ್ರಮ್ ಇಟ್ಕೊಂಡು ವಿಶ್ವದಲ್ಲಿ ತುಂಬಿರುವ ಅತಿನೇರಳೆ ಬೆಳಕು ಎಷ್ಟುಂಟು ಅಂತ ಲೆಕ್ಕ ಹಾಕ್ಬೇಕು, ಯಾವ ವಿಧಾನ ಒಳ್ಳೇದು ಸರ್? ಮೂವರಿಗೂ ಫೋನಲ್ಲಿ ಬೇರೆ ಬೇರೆ ಉತ್ತರ ಕೊಟ್ಟೆ, ಆಮೇಲೆ ಅನ್ನಿಸ್ತು, ಎಲ್ಲ ಒಂದು ಕಡೆ ಬರೆದು ಬಿಡುವ ಅಂತ.

ಮೊದ್ಲು ವಿಷಯ ಎಂತದ್ದು ಅಂತ ಹೇಳ್ತೇನೆ, ಗೊತ್ತಿದ್ದವರು ಮುಂದೆ ಹೋಗಿ. ಕ್ವೇಸಾರ್ ಅಂದ್ರೆ ದೈತ್ಯ ಕಪ್ಪುಕುಳಿಗೆ ಬೀಳುವ ಗ್ಯಾಸಿನಿಂದ ಭಾರೀ ಹೊಳೆಯುವ ದೂರದ ಗ್ಯಾಲಕ್ಸಿಯ ನಡುಭಾಗ, ಸ್ಪೆಕ್ಟ್ರಮ್ ಅಂದ್ರೆ ಅದರ ಬೆಳಕನ್ನು ತರಂಗಾಂತರದ ಪ್ರಕಾರ ಬಿಡಿಸಿಟ್ಟದ್ದು. ಗ್ಯಾಲಕ್ಸಿಗಳ ಬಿಸಿ ನಕ್ಷತ್ರಗಳಿಂದಲೂ ಕ್ವೇಸಾರ್‌ಗಳಿಂದಲೂ ಹೊರಬಿದ್ದ ಯುವಿ ಬೆಳಕು ಗ್ಯಾಲಕ್ಸಿಗಳ ನಡುವಿನ ಖಾಲಿ ಜಾಗದಲ್ಲೆಲ್ಲ ಹರಡಿಕೊಂಡಿದೆ. ನಮಗೆ ಬೇಕಾದ್ದು ಅದ್ರಲ್ಲಿ ಹೈಡ್ರೋಜನ್ ಪರಮಾಣುವಿಂದ ಇಲೆಕ್ಟ್ರಾನ್ ಕಿತ್ತು ಹಾಕುವಷ್ಟು ಶಕ್ತಿ ಇರುವ ಭಾಗ, ಅಂದ್ರೆ 13.6 ಇಲೆಕ್ಟ್ರಾನ್ ವೋಲ್ಟಿಗಿಂತ ಮೇಲೆ, ತರಂಗಾಂತರದಲ್ಲಿ ಹೇಳುದಾದ್ರೆ 912 ಆಂಗ್‌ಸ್ಟ್ರಾಮಿಗಿಂತ ಕೆಳಗೆ. ಇದನ್ನು ಇಲ್ಲಿ ಕೂತು ನೇರ ಅಳೆಯುವ ಅಂದ್ರೆ ಆಗುದಿಲ್ಲ, ನಮ್ಮದೇ ಗ್ಯಾಲಕ್ಸಿಯ ಹೈಡ್ರೋಜನ್ ಅದನ್ನು ನುಂಗಿ ಬಿಡ್ತದೆ. ಹಾಗಾಗಿ ಆ ಬೆಳಕು ದೂರದ ಗ್ಯಾಸಿನ ಮೇಲೆ ಎಂತ ಮಾಡಿದೆ ಅಂತ ನೋಡಿ ಬೆಳಕಿನ ಅಂದಾಜು ಮಾಡ್ಬೇಕು.

ನಮ್ಮ ಬಾಯಾರು ಶೇಣಿ ಕಡೆ ಗುಡ್ಡ ಕೊರೆದು ಮಾಡಿದ ಸುರಂಗ ನೋಡಿದ್ದೀರಲ್ಲ. ಒಳಗಿಂದ ನೀರು ಒಸರಿ ಒಸರಿ ಹೊರಗಿನ ಟಾಂಕಿಗೆ ಬರ್ತದೆ, ಮನೆಯವರು ತೋಟಕ್ಕೆ ಬಿಡ್ತಾ ಇರ್ತಾರೆ. ಟಾಂಕಿಯಲ್ಲಿ ನೀರು ಒಂದೇ ಮಟ್ಟದಲ್ಲಿ ನಿಂತಿದ್ರೆ ಒಸರುದೂ ಖಾಲಿ ಮಾಡುದೂ ಸಮ ಆಗಿದೆ ಅಂತ ಅರ್ಥ. ಗ್ಯಾಸಿನ ಕಥೆಯೂ ಇದೇ. ಪ್ರೋಟಾನೂ ಇಲೆಕ್ಟ್ರಾನೂ ಪುನಃ ಸೇರಿ ತಟಸ್ಥ ಹೈಡ್ರೋಜನ್ ಆಗುದು ಒಸರು, ಯುವಿ ಬೆಳಕು ಅದನ್ನು ಪುನಃ ಒಡೆಯುದು ತೋಟಕ್ಕೆ ಬಿಡುದು, ನಮಗೆ ಸ್ಪೆಕ್ಟ್ರಮಿನಲ್ಲಿ ಕಾಣುದು ಟಾಂಕಿಯ ಮಟ್ಟ ಮಾತ್ರ. ಒಸರು ಎಷ್ಟು ಅಂತ ಗೊತ್ತಿದ್ರೆ ಖಾಲಿ ಮಾಡುವ ವೇಗ ಗೊತ್ತಾಗ್ತದೆ. ಆ ವೇಗಕ್ಕೆ ಈ ಲೈನಿನವರು ಗಾಮಾ ಅಂತಾರೆ, ಒಂದು ಪರಮಾಣು ಸೆಕೆಂಡಿಗೆ ಎಷ್ಟು ಸಲ ಒಡೆಯುವ ಸಾಧ್ಯತೆ ಅಂತ. ರೆಡ್‌ಶಿಫ್ಟ್ ಅಂದ್ರೆ ವಿಶ್ವ ಹಿಗ್ಗಿದ್ದರಿಂದ ಬೆಳಕಿನ ತರಂಗಾಂತರ ಎಷ್ಟು ಪಾಲು ಹಿಗ್ಗಿದೆ ಅನ್ನುವ ಸಂಖ್ಯೆ, ಹೆಚ್ಚಿದ್ದಷ್ಟು ದೂರ. ಅದು 2ರಿಂದ 4ರ ನಡುವೆ ಇರುವಲ್ಲಿ ಗಾಮಾ ಸುಮಾರು 10⁻¹². ಅಂದ್ರೆ ಒಂದು ಹೈಡ್ರೋಜನ್ ಪರಮಾಣು ಸರಾಸರಿ 30 ಸಾವಿರ ವರ್ಷಕ್ಕೊಮ್ಮೆ ಏಟು ತಿಂತದೆ. ಕೇಳ್ಲಿಕ್ಕೆ ಏನೂ ಅಲ್ಲ ಅನ್ಸ್ತದೆ, ಆದ್ರೆ ಗ್ಯಾಸ್ ಅಷ್ಟು ತೆಳ್ಳಗೆ ಇರುದ್ರಿಂದ ಪುನಃ ಸೇರುದು ಅದಕ್ಕಿಂತ ಎಷ್ಟೋ ನಿಧಾನ, ಹಾಗಾಗಿ ತಟಸ್ಥವಾಗಿ ಉಳಿಯುದು ಲಕ್ಷಕ್ಕೆ ಒಂದೋ ಅದಕ್ಕಿಂತ ಕಮ್ಮಿಯೋ.

ಆ ಲಕ್ಷಕ್ಕೊಂದೇ ಸಾಕು. ಹಿಂದೆ ಒಂದು ಕ್ವೇಸಾರ್ ಟ್ಯೂಬ್‌ಲೈಟಿನ ಹಾಗೆ ಉರೀತಾ ಇದ್ರೆ ದಾರಿಯಲ್ಲಿ ಸಿಕ್ಕಿದ ತಟಸ್ಥ ಹೈಡ್ರೋಜನ್ 1215.67 ಆಂಗ್‌ಸ್ಟ್ರಾಮಿನಲ್ಲಿ ಅದರ ಬೆಳಕು ಹೀರ್ತದೆ, ವಿಶ್ವ ಹಿಗ್ಗುದ್ರಿಂದ ಒಂದೊಂದು ದೂರದ ಗ್ಯಾಸು ಒಂದೊಂದು ಜಾಗದಲ್ಲಿ ಗೆರೆ ಹಾಕ್ತದೆ, ಕಡೆಗೆ ಸ್ಪೆಕ್ಟ್ರಮಿನ ನೀಲಿ ಕಡೆ ಗೆರೆಗಳ ಕಾಡೇ ಆಗ್ತದೆ. ಅದಕ್ಕೇ ಲೈಮನ್ ಆಲ್ಫಾ ಫಾರೆಸ್ಟ್ ಅನ್ನುದು. 1965ರಲ್ಲಿ ಗನ್ ಮತ್ತು ಪೀಟರ್ಸನ್ ಒಂದು ಸಾದಾ ಮಾತು ಹೇಳಿದ್ರು, ನಡುವಿನ ಗ್ಯಾಸು ತಟಸ್ಥ ಆಗಿದ್ರೆ ಈ ಭಾಗದಲ್ಲಿ ಬೆಳಕೇ ಬರ್ಬಾರ್ದಿತ್ತು, ಬರ್ತಾ ಉಂಟಲ್ಲ, ಹಾಗಾದ್ರೆ ಎಲ್ಲ ಒಡೆದು ಹೋಗಿದೆ. ಯಾರೋ ಒಡೆದು ಇಟ್ಟಿದ್ದಾರೆ ಅಂದ್ಮೇಲೆ ಒಡೆದವರ ಬಲ ಎಷ್ಟು ಅನ್ನುದೇ ನಮ್ಮ ಪ್ರಶ್ನೆ.

ಈಗ ಆಯ್ಕೆಗೆ ಬರುವ. ನಾನು ಯಾವ ವಿಧಾನ ನೋಡಿದ್ರೂ ಮೊದ್ಲು ಕೇಳುದು ಒಂದೇ, ಇದಕ್ಕೆ ಸಾಲ ಎಲ್ಲಿಂದ? ಎಲ್ಲ ವಿಧಾನದಲ್ಲೂ ನಿಮ್ಮ ಕೈಯಲ್ಲಿ ಇಲ್ಲದ ಒಂದು ಸಂಖ್ಯೆ ಬೇಕೇ ಬೇಕು, ಅದನ್ನು ಹೊರಗಿಂದ ಕಡ ತರ್ಬೇಕು. ಕೆಲವದಕ್ಕೆ ಕ್ವೇಸಾರಿನ ಪ್ರಕಾಶ ಮತ್ತೆ ಅದರ ಸರಿಯಾದ ರೆಡ್‌ಶಿಫ್ಟ್, ಕೆಲವದಕ್ಕೆ ಗ್ಯಾಸಿನ ತಾಪಮಾನ ಮತ್ತೆ ಸಾಂದ್ರತೆ, ಕೆಲವದಕ್ಕೆ ಎಲ್ಲವೂ. ವೈವಾದಲ್ಲಿ ಬಡ್ಡಿ ಸಮೇತ ವಸೂಲಿಗೆ ಬರುದು ಅಲ್ಲಿಯೇ. ಅದು ಬಿಟ್ರೆ ನಿಮಗೆ ಯಾವ ರೆಡ್‌ಶಿಫ್ಟ್ ಬೇಕು ಅನ್ನುದು, ಯಾಕಂದ್ರೆ ಭೂಮಿಯಿಂದ 3200 ಆಂಗ್‌ಸ್ಟ್ರಾಮಿಗಿಂತ ಕೆಳಗೆ ಗಾಳಿಯೇ ಬಿಡುದಿಲ್ಲ, ಸುಮಾರು 1.6ಕ್ಕಿಂತ ಕಮ್ಮಿ ರೆಡ್‌ಶಿಫ್ಟ್ ಬೇಕಾದ್ರೆ ಹಬಲ್ ಡೇಟಾವೇ ಗತಿ. ಮತ್ತೆ ಡೇಟಾ ಪುಕ್ಕಟೆ ಸಿಕ್ತದಾ, ಸಿಮ್ಯುಲೇಶನ್ ಬೇಕಾ, ಅದು ನಿಮ್ಮ ಮೆಷಿನಿನಲ್ಲಿ ಓಡ್ತದಾ. ಮತ್ತೆ, ಇದು ಎಲ್ಲರೂ ಮರೆಯುದು, ಕಡೆಗೆ ಎರರ್ ಬಾರ್ ಎಷ್ಟು ಅಂತ ಎದೆ ತಟ್ಟಿ ಹೇಳ್ಲಿಕ್ಕೆ ಆಗ್ತದಾ ಇಲ್ವಾ.

ಮೊದಲನೇದು ಪ್ರಾಕ್ಸಿಮಿಟಿ ಎಫೆಕ್ಟ್, ಕ್ವೇಸಾರಿನ ನೆರೆಕರೆಯನ್ನು ನೋಡುದು. ಇದನ್ನು ನಾನು ಹೀಗೆ ವಿವರಿಸುದು. ಹಿಂದೆ ಕೊಯ್ಲು ಆದ ಗದ್ದೆಯಲ್ಲಿ ಬಯಲಾಟಕ್ಕೆ ಪೆಟ್ರೋಮ್ಯಾಕ್ಸ್ ಕಟ್ತಿದ್ರು. ಹುಣ್ಣಿಮೆ ದಿನ ಅದಕ್ಕೆ ಬೆನ್ನು ಹಾಕಿ ಮನೆ ಕಡೆ ನಡೀರಿ, ನಿಮಗೆ ಎರಡು ನೆರಳು ಬೀಳ್ತದೆ, ಒಂದು ಪೆಟ್ರೋಮ್ಯಾಕ್ಸಿಂದು ಇನ್ನೊಂದು ಚಂದ್ರಂದು. ಹತ್ರ ಇರುವಾಗ ದೀಪದ ನೆರಳು ಗಟ್ಟಿ, ಚಂದ್ರನ ನೆರಳು ಕಾಣುದೇ ಇಲ್ಲ, ದೂರ ಹೋದ ಹಾಗೆ ಉಲ್ಟಾ ಆಗ್ತದೆ. ನಡುವೆ ಒಂದು ಜಾಗದಲ್ಲಿ ಎರಡೂ ನೆರಳು ಸಮ ಕಪ್ಪು. ಅಲ್ಲಿಗೆ ಎಷ್ಟು ಹೆಜ್ಜೆ ಅಂತ ಎಣಿಸಿ, ಪೆಟ್ರೋಮ್ಯಾಕ್ಸ್ ಎಷ್ಟು ಕ್ಯಾಂಡಲಿಂದು ಅಂತ ಗೊತ್ತಿದ್ರೆ ಬೆಳದಿಂಗಳು ಎಷ್ಟು ಅಂತ ಲೆಕ್ಕ ಬಂತು. ಇಲ್ಲಿ ಪೆಟ್ರೋಮ್ಯಾಕ್ಸ್ ಅಂದ್ರೆ ಕ್ವೇಸಾರ್, ಬೆಳದಿಂಗಳು ಅಂದ್ರೆ ವಿಶ್ವದ ಹಿನ್ನೆಲೆ ಬೆಳಕು, ನೆರಳಿನ ಬದ್ಲು ಗೆರೆಗಳು. ಕ್ವೇಸಾರಿನ ಹತ್ರ ಅದರದ್ದೇ ಬೆಳಕು ಹೆಚ್ಚಾಗಿ ತಟಸ್ಥ ಹೈಡ್ರೋಜನ್ ಕಮ್ಮಿ ಆಗ್ತದೆ, ಗೆರೆಗಳ ಕಾಡು ತೆಳ್ಳಗಾಗ್ತದೆ, ಎಷ್ಟು ದೂರಕ್ಕೆ ಪುನಃ ಮಾಮೂಲಿ ದಟ್ಟಣೆಗೆ ಬಂತು ಅಂತ ನೋಡುದು. ಪ್ರಕಾಶಮಾನವಾದ ಕ್ವೇಸಾರಿಗೆ ಆ ದೂರ 6 ಮೆಗಾಪಾರ್ಸೆಕ್ ಹತ್ರ, ಅಂದ್ರೆ ಎರಡು ಕೋಟಿ ಜ್ಯೋತಿರ್ವರ್ಷ. 1988ರಲ್ಲಿ ಬಾಜ್ಟ್ಲಿಕ್, ಡಂಕನ್, ಓಸ್ಟ್ರೈಕರ್ ಮೂವರು ಇದನ್ನು ಸರಿಯಾದ ಲೆಕ್ಕಕ್ಕೆ ತಂದ್ರು, ಅವರಿಗೆ ಬಂದ ಉತ್ತರ ಸುಮಾರು 10⁻²¹ ಅಂತ ಆ ಕ್ಷೇತ್ರದ ಯೂನಿಟ್‌ನಲ್ಲಿ, ಇದು ಗಾಮಾ ಅಲ್ಲ, ಬೆಳಕಿನ ತೀವ್ರತೆ.

ಇದ್ರಲ್ಲಿ ಒಳ್ಳೇದು ಎಂತ ಅಂದ್ರೆ ಸಿಮ್ಯುಲೇಶನ್ ಇಲ್ಲದೆಯೂ ಒಂದು ಉತ್ತರ ಬರ್ತದೆ, ಗ್ಯಾಸಿನ ತಾಪಮಾನ ಹೆಚ್ಚು ತಲೆಬಿಸಿ ಮಾಡುದಿಲ್ಲ, ಹತ್ರದ್ದನ್ನು ದೂರದ್ದಕ್ಕೆ ಹೋಲಿಸುದು ಅಷ್ಟೇ. ಸಾಲ ಇರುದು ಬೇರೆ ಕಡೆ. ಕ್ವೇಸಾರ್‌ಗಳು ಹುಟ್ಟುದೇ ಗ್ಯಾಸು ದಟ್ಟ ಇರುವ ಜಾಗದಲ್ಲಿ, ಹಾಗಾಗಿ ತೆಳ್ಳಗಾಗ್ಬೇಕಾದ ಕಾಡು ಅಷ್ಟು ತೆಳ್ಳಗಾಗುದಿಲ್ಲ, ನೀವು "ಓ, ಹಿನ್ನೆಲೆ ಬೆಳಕೇ ಜೋರು ಉಂಟು" ಅಂತ ತಪ್ಪು ತಿಳೀತೀರಿ. ಮತ್ತೊಂದು ರೆಡ್‌ಶಿಫ್ಟ್. ಇದ್ರಲ್ಲಿ ನಾನೇ ಬಿದ್ದವ.

ನನ್ನ ಎಂಎಸ್ಸಿ ಪ್ರಾಜೆಕ್ಟಿನ ಕಥೆ ಇದು. ಸರ್ವೇ ಫೈಲಿನಲ್ಲಿ ಇದ್ದ ರೆಡ್‌ಶಿಫ್ಟನ್ನು ಕಣ್ಣು ಮುಚ್ಚಿ ತೆಗೊಂಡೆ, ಅದು ಕಾರ್ಬನ್ ನಾಲ್ಕರ (ಅಂದ್ರೆ ಮೂರು ಇಲೆಕ್ಟ್ರಾನ್ ಕಳ್ಕೊಂಡ ಕಾರ್ಬನ್ನಿನ) ಅಗಲದ ಎಮಿಶನ್ ಗೆರೆಯಿಂದ ಬಂದದ್ದು ಅಂತ ನೋಡ್ಲೇ ಇಲ್ಲ. ಆ ಗೆರೆ ಹೊರಡುದು ಕ್ವೇಸಾರಿಂದ ನಮ್ಮ ಕಡೆಗೆ ಬೀಸುವ ಗ್ಯಾಸಿನಿಂದ, ಹಾಗಾಗಿ ನೂರಾರು ಕಿಲೋಮೀಟರ್ ಪ್ರತಿ ಸೆಕೆಂಡ್ ನೀಲಿಗೆ ಜರುಗಿರ್ತದೆ, ಕೆಲವದ್ರಲ್ಲಿ ಸಾವಿರವೂ ಆಗ್ತದೆ. ರೆಡ್‌ಶಿಫ್ಟ್ 2.5ರಲ್ಲಿ ಸಾವಿರ ಕಿಲೋಮೀಟರ್ ಅಂದ್ರೆ ಸ್ಕ್ರೀನಿನಲ್ಲಿ 4255 ಆಂಗ್‌ಸ್ಟ್ರಾಮಿನ ಹತ್ರ ಬರೀ 14 ಆಂಗ್‌ಸ್ಟ್ರಾಮ್, ಝೂಮ್ ಮಾಡದಿದ್ರೆ ಕಾಣುದೂ ಇಲ್ಲ. ಆದ್ರೆ ದೂರದಲ್ಲಿ ಅದು ಹತ್ರಹತ್ರ 4 ಮೆಗಾಪಾರ್ಸೆಕ್! ಗ್ಯಾಸು ನಿಜಕ್ಕೂ 9ರಲ್ಲಿ ಇದ್ರೆ ನಾನು 5ರಲ್ಲಿ ಉಂಟು ಅಂತ ಲೆಕ್ಕ ಹಾಕಿದ ಹಾಗೆ, ಬೆಳಕು ದೂರದ ವರ್ಗಕ್ಕೆ ಕಮ್ಮಿ ಆಗುದಲ್ಲ, ಉತ್ತರ ಮೂರು ಪಟ್ಟಿಗಿಂತ ಜಾಸ್ತಿ ಬಂತು. ಮೂರು ತಿಂಗಳು ಕೋಡಿನಲ್ಲಿ ಬಗ್ ಹುಡುಕಿದೆ ಮಾರಾಯ್ರೆ, ಕೋಡಿನಲ್ಲಿ ಎಂತದೂ ಇರ್ಲಿಲ್ಲ. ಹಾಗಾಗಿ ಈ ದಾರಿ ಹಿಡಿಯುದಾದ್ರೆ ಮೆಗ್ನೀಸಿಯಂ ಎರಡರ ಗೆರೆಯೋ ಆಕ್ಸಿಜನ್ ಮೂರರ ಗೆರೆಯೋ ಇನ್‌ಫ್ರಾರೆಡ್‌ನಲ್ಲಿ ಅಳೆದಿರುವ ಕ್ವೇಸಾರ್ ಮಾತ್ರ ಆರಿಸಿ, ಹತ್ತೇ ಸಿಕ್ಕಿದ್ರೂ ತೊಂದ್ರೆ ಇಲ್ಲ, ತಪ್ಪು ರೆಡ್‌ಶಿಫ್ಟಿನ ನೂರಕ್ಕಿಂತ ಅದು ಮೇಲು.

ಇದರದ್ದೇ ತಮ್ಮ ಒಂದುಂಟು, ಅಡ್ಡ ಪ್ರಾಕ್ಸಿಮಿಟಿ. ಆಕಾಶದಲ್ಲಿ ಪಕ್ಕಪಕ್ಕ ಕಾಣುವ ಎರಡು ಕ್ವೇಸಾರ್, ಒಂದು ಹತ್ರದ್ದು ಒಂದು ದೂರದ್ದು, ಹತ್ರದ್ದರ ಬೆಳಕು ದೂರದ್ದರ ಸ್ಪೆಕ್ಟ್ರಮಿನಲ್ಲಿ ಒಂದು ಖಾಲಿ ಜಾಗ ಮಾಡ್ಬೇಕು. ಕಾಗದದಲ್ಲಿ ಭಾರೀ ಚಂದ. ನಿಜದಲ್ಲಿ ಹೈಡ್ರೋಜನಿನಲ್ಲಿ ಆ ಖಾಲಿ ಜಾಗ ಹೆಚ್ಚಾಗಿ ಕಾಣುದೇ ಇಲ್ಲ, ಕೆಲವು ಕಡೆ ಉಲ್ಟಾ ಗೆರೆ ಹೆಚ್ಚೇ ಉಂಟು, ಕ್ವೇಸಾರ್ ಎಲ್ಲ ದಿಕ್ಕಿಗೂ ಸಮ ಬೆಳಕು ಬೀರುದಿಲ್ಲ, ಅಷ್ಟು ದೂರಕ್ಕೆ ಬೆಳಕು ತಲಪುವಷ್ಟು ಕಾಲ ಉರಿದಿರ್ಲಿಕ್ಕೂ ಇಲ್ಲ. 2003ರಲ್ಲಿ ಯಾಕೊಬ್ಸೆನ್ ಮತ್ತು ಜೊತೆಯವರಿಗೆ ಹೀಲಿಯಂ ಗೆರೆಯಲ್ಲಿ ಅಂತದ್ದೊಂದು ಸಿಕ್ಕಿತ್ತು, ಅದು ಕ್ವೇಸಾರಿನ ಆಯುಷ್ಯ ತಿಳೀಲಿಕ್ಕೆ ಒಳ್ಳೇದು. ಹಿನ್ನೆಲೆ ಬೆಳಕು ಅಳೆಯುದಕ್ಕೆ ಬೇಡ, ನನ್ನ ಮಾತು ಕೇಳಿ.

ಇನ್ನು ಹೆಚ್ಚಿನವರು ಹೋಗುವ ದೊಡ್ಡ ರಸ್ತೆ, ಸರಾಸರಿ ಬೆಳಕು ಎಷ್ಟು ಉಳಿದಿದೆ ಅಂತ ನೋಡುದು. ಸುರಂಗದ ಟಾಂಕಿ ಲೆಕ್ಕ ನೇರ ಬರುದು ಇಲ್ಲಿಯೇ. ಕ್ವೇಸಾರ್ ಹೊರಟಾಗ 100 ಇದ್ದ ಬೆಳಕಿನಲ್ಲಿ ಕಾಡು ದಾಟಿ ಬರುವಾಗ ರೆಡ್‌ಶಿಫ್ಟ್ 3ರಲ್ಲಿ ಸುಮಾರು 67 ಉಳೀತದೆ, 4ರಲ್ಲಿ 41ರ ಹತ್ರ. ಈಗ ಕಂಪ್ಯೂಟರಿನಲ್ಲಿ ಒಂದು ಸುಳ್ಳು ವಿಶ್ವ ಮಾಡಿ, ಅದ್ರೊಳಗೆ ಗೆರೆ ಎಳೆದು ಸುಳ್ಳು ಸ್ಪೆಕ್ಟ್ರಮ್ ತೆಗೀರಿ, ಗಾಮಾ ಹೆಚ್ಚು ಕಮ್ಮಿ ಮಾಡ್ತಾ ಹೋಗಿ, ಯಾವ ಗಾಮಾಕ್ಕೆ ಸರಿಯಾಗಿ 67 ಬರ್ತದೋ ಅದೇ ಉತ್ತರ. ಚಂದ ಎಂತ ಅಂದ್ರೆ ಗ್ಯಾಸು ಬೆಳಕಿಗೆ ಅಡ್ಡ ನಿಲ್ಲದಷ್ಟು ತೆಳ್ಳಗೆ ಇರುದ್ರಿಂದ ಪ್ರತಿ ಸಲ ಸಿಮ್ಯುಲೇಶನ್ ಪುನಃ ಓಡಿಸುದು ಬೇಡ, ಹೀರಿಕೆಯ ದಪ್ಪವನ್ನೆಲ್ಲ (ಗ್ಯಾಸು ಎಷ್ಟು ಬೆಳಕು ತಡೀತದೆ ಅನ್ನುವ ಅಳತೆ, ಆಪ್ಟಿಕಲ್ ಡೆಪ್ತ್) ಒಂದೇ ಸಂಖ್ಯೆಯಿಂದ ಗುಣಿಸಿದ್ರೆ ಗಾಮಾ ಬದಲಾಯಿಸಿದ ಹಾಗೆಯೇ. ಪೈಥಾನಿನಲ್ಲಿ ನಾಲ್ಕು ಸಾಲು.

ಸಾಲ ಎಲ್ಲಿ? ಒಸರಿನಲ್ಲಿ. ಪುನಃ ಸೇರುವ ವೇಗ ಸಾಂದ್ರತೆಯ ವರ್ಗಕ್ಕೆ ಏರ್ತದೆ, ತಾಪಮಾನ ಏರಿದ ಹಾಗೆ ಇಳೀತದೆ, ಸುಮಾರು 0.7ನೇ ಘಾತದಲ್ಲಿ. ನೀವು ಗ್ಯಾಸು 10 ಸಾವಿರ ಕೆಲ್ವಿನ್ ಅಂದ್ಕೊಂಡಿರಿ, ನಿಜಕ್ಕೂ 15 ಸಾವಿರ ಇತ್ತು ಅಂತಾದ್ರೆ ಗಾಮಾದಲ್ಲಿ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಬಂದಾಯ್ತು. ಬೇರಿಯಾನ್, ಅಂದ್ರೆ ಮಾಮೂಲಿ ವಸ್ತುವಿನ, ಸಾಂದ್ರತೆ ಈಗ ಹಿನ್ನೆಲೆ ಮೈಕ್ರೋವೇವಿನಿಂದ ಚೆನ್ನಾಗಿ ಗೊತ್ತುಂಟು, ಅದು ಸೊಸೈಟಿ ಸಾಲದ ಹಾಗೆ, ಬಡ್ಡಿ ಕಮ್ಮಿ. ತಾಪಮಾನ ಮಾತ್ರ ಕೈಗಡ, ಯಾರಿಂದ ತೆಗೊಂಡಿರಿ ಅಂತ ಬರೆದು ಇಟ್ಕೊಳ್ಳಿ. 2013ರಲ್ಲಿ ಬೆಕರ್ ಮತ್ತು ಬೋಲ್ಟನ್ ಇದೇ ದಾರಿಯಲ್ಲಿ ರೆಡ್‌ಶಿಫ್ಟ್ 2ರಿಂದ 5ರ ವರೆಗೆ ಅಳೆದದ್ದು ಈಗಲೂ ಎಲ್ಲರೂ ಹೋಲಿಸಿ ನೋಡುವ ಲೆಕ್ಕ, ಅದ್ರಲ್ಲಿ ಎರರ್ ಬಾರಿನ ದೊಡ್ಡ ಪಾಲು ಎಲ್ಲಿಂದ ಬಂತು ಅಂತ ಓದಿ, ಅರ್ಧ ವಿಷಯ ಅಲ್ಲಿಯೇ ಕಲೀತೀರಿ.

ಮತ್ತೊಂದು ಕಳ್ಳ ಉಂಟು, ಕಂಟಿನ್ಯುಯಮ್. 67 ಅಂದ್ರೆ 100ರಲ್ಲಿ 67, ಆ 100 ಎಲ್ಲಿ ಇತ್ತು ಅಂತ ಗೆರೆ ಎಳೆಯುದು ನೀವೇ. ಗೆರೆಗಳ ನಡುವೆ ಬೆಳಕು ಮೇಲೆ ಏರುವ ತುದಿಗಳನ್ನು ಮೌಸಿನಲ್ಲಿ ಒತ್ತಿ ಒತ್ತಿ ಒಂದು ನಯವಾದ ರೇಖೆ ಜೋಡಿಸುದು, ಸಂಜೆ ಕೂತ್ರೆ ಒಂದು ದಿನಕ್ಕೆ ಎರಡು ಮೂರು ಸ್ಪೆಕ್ಟ್ರಮ್ ಆಗ್ತದೆ, ನಾಲ್ಕನೇದಕ್ಕೆ ಕಣ್ಣು ಮಂಜಾಗಿ ಎಲ್ಲವೂ ತುದಿಯ ಹಾಗೆ ಕಾಣ್ತದೆ. ರೆಡ್‌ಶಿಫ್ಟ್ 4ರಲ್ಲಿ ಕಾಡು ಎಷ್ಟು ದಟ್ಟ ಅಂದ್ರೆ ತುದಿ ಅಂತ ನೀವು ಒತ್ತಿದ್ದೂ ನಿಜದ 100 ಅಲ್ಲ, ಶೇಕಡಾ 10 ಮೀರಿ ಕೆಳಗೆ ಇರ್ತದೆ. 3ರಲ್ಲಿ ನಾಲ್ಕರಷ್ಟು. ಆ ನಾಲ್ಕೇ ಹೀರಿಕೆಯ ದಪ್ಪದಲ್ಲಿ ಹತ್ತು ಶೇಕಡಾ ಆಗಿ ಬೆಳೀತದೆ. ನಿಮ್ಮ ಸುಳ್ಳು ಸ್ಪೆಕ್ಟ್ರಮಿಗೂ ಅದೇ ಕೈಯಿಂದ ಅದೇ ರೀತಿ ಕಂಟಿನ್ಯುಯಮ್ ಎಳೆದು ಎಷ್ಟು ತಪ್ಪು ಬರ್ತದೆ ಅಂತ ನೋಡಿ, ಬೋರ್ ಹೊಡೆಯುವ ಕೆಲಸ, ಆದ್ರೆ ಪರೀಕ್ಷಕರ ಬಾಯಿ ಮುಚ್ಚಿಸ್ತದೆ.

ಡೇಟಾ ಲೆಕ್ಕದಲ್ಲಿ ಈ ದಾರಿಯವರು ಅದೃಷ್ಟವಂತರು. ಆಕಾಶದ ದೊಡ್ಡ ಸಮೀಕ್ಷೆಯಾದ ಸ್ಲೋನ್ ಸರ್ವೇಯ 16ನೇ ಬಿಡುಗಡೆಯ ಕ್ವೇಸಾರ್ ಪಟ್ಟಿಯಲ್ಲಿ 7,50,414 ಕ್ವೇಸಾರ್ ಉಂಟು, ಒಂದೊಂದು ಸ್ಪೆಕ್ಟ್ರಮ್ ಫೈಲು ಒಂದು ಎಂಬಿಗೂ ಕಮ್ಮಿ, ನಮ್ಮೂರಿನ ಮಳೆಗಾಲದ ನೆಟ್ಟಿನಲ್ಲೂ ಇಳೀತದೆ. ಆದ್ರೆ ಅದರ ರೆಸೊಲ್ಯೂಶನ್ 2000ದ ಆಸುಪಾಸು, ಸಪೂರ ಗೆರೆಗಳೆಲ್ಲ ಕಲಸಿ ಹೋಗಿ ತುದಿ ಯಾವುದು ಗುಂಡಿ ಯಾವುದು ಗೊತ್ತಾಗುದಿಲ್ಲ. ಕಮ್ಮಿ ಸಂಖ್ಯೆ ಆದ್ರೂ ಅಡ್ಡಿಲ್ಲ, ನೀಟು ಬೇಕು ಅನ್ನುವವರಿಗೆ ಚಿಲಿಯ ವಿಎಲ್‌ಟಿಯ ಯುವೆಸ್ ಉಪಕರಣದ ಸ್ಕ್ವಾಡ್ ಸಂಗ್ರಹ ಉಂಟು, 467 ಕ್ವೇಸಾರ್, ಹವಾಯಿಯ ಕೆಕ್ ದೂರದರ್ಶಕದ ಕೊಡಿಯಾಕ್ ಸಂಗ್ರಹದ ಎರಡನೇ ಬಿಡುಗಡೆಯಲ್ಲಿ 300. ಎರಡ್ರಲ್ಲೂ ಕಂಟಿನ್ಯುಯಮ್ ಅವರೇ ಎಳೆದು ಕೊಟ್ಟಿದ್ದಾರೆ. ಅದನ್ನು ಹಾಗೇ ನುಂಗ್ಬೇಡಿ, ಒಂದು ಹತ್ತಾದ್ರೂ ನೀವೇ ಎಳೆದು ಹೋಲಿಸಿ.

ಸಿಮ್ಯುಲೇಶನಿಗೆ ಬಜೆಟ್ ನೋಡಿ. ಬೇರೆಯವರು ಓಡಿಸಿಟ್ಟ ಇಲ್ಲಸ್ಟ್ರಿಸ್ ಟಿಎನ್‌ಜಿ ಸಿಮ್ಯುಲೇಶನ್ ಪುಕ್ಕಟೆ ಉಂಟು, ಆದ್ರೆ ಒಳ್ಳೆ ರೆಸೊಲ್ಯೂಶನಿನ 100 ಮೆಗಾಪಾರ್ಸೆಕ್ ಪೆಟ್ಟಿಗೆಯ ಒಂದೇ ಸ್ನ್ಯಾಪ್‌ಶಾಟ್ ಒಂದೂವರೆ ಟಿಬಿ ದಾಟ್ತದೆ, ಪೆರ್ಲದಲ್ಲಿ ಅದನ್ನು ಇಳಿಸ್ಲಿಕ್ಕೆ ಕೂತ್ರೆ ಮುಂದಿನ ಅಡಿಕೆ ಕೊಯ್ಲು ಬರ್ತದೆ. ಅವರದ್ದೇ ಸರ್ವರಿನಲ್ಲಿ ಕೂತು ಕೋಡ್ ಓಡಿಸುವ ವ್ಯವಸ್ಥೆ ಉಂಟು, ಅಕೌಂಟ್ ಕೇಳಿ ತೆಗೊಂಡು ಅಲ್ಲಿಯೇ ಸ್ಪೆಕ್ಟ್ರಮ್ ತೆಗೆದು ಬರೀ ಉತ್ತರ ಇಳಿಸಿಕೊಳ್ಳಿ. ಅದೂ ಬೇಡ ಅಂದ್ರೆ ಲಾಗ್‌ನಾರ್ಮಲ್ ಮಾದರಿ, ಗ್ಯಾಸಿನ ಏರುತಗ್ಗನ್ನು ಒಂದು ಸೂತ್ರದಿಂದಲೇ ಹುಟ್ಟಿಸುದು, 8 ಜಿಬಿಯಲ್ಲಿ ಹಾಯಾಗಿ ಓಡ್ತದೆ, ಎಂಎಸ್ಸಿಗೆ ಧಾರಾಳ ಸಾಕು, ಪೇಪರಿಗೆ ಸಾಲುದಿಲ್ಲ. ನಡುವಿನ ದಾರಿ ಪುಣೆಯವರು ತೋರಿಸಿದ್ದು. ಗ್ಯಾಜೆಟ್-2 ಅನ್ನುವ ಕೋಡು ಎಲ್ಲರಿಗೂ ಸಿಕ್ತದೆ, ಆದ್ರೆ ಅದ್ರಲ್ಲಿ ಗ್ಯಾಸು ಬೆಳಕಿನಿಂದ ಬಿಸಿ ಆಗುದು ತಣಿಯುದು ಇಲ್ಲ, ಪ್ರಕಾಶ್ ಗಾಯ್ಕ್‌ವಾಡ್ ಮತ್ತು ಜೊತೆಯವರು ತಾಪಮಾನದ ಲೆಕ್ಕವನ್ನು ಸಿಮ್ಯುಲೇಶನ್ ಮುಗಿದ ಮೇಲೆ ಬೇರೆಯೇ ಒಂದು ಕೋಡಿನಿಂದ ಹಾಕಿದ್ರು. ಒಂದೇ ಸಲ ಓಡಿಸಿ, ಆಮೇಲೆ ತಾಪಮಾನದ ಕಥೆ ಬೇಕಾದ ಹಾಗೆ ಬದಲಾಯಿಸ್ಬಹುದು. ಹೊಸೂರಿನವರಿಗೆ ನಾನು ಹೇಳಿದ್ದು ಇದನ್ನೇ, 256ರ ಘನದಷ್ಟು ಕಣಗಳ ಪೆಟ್ಟಿಗೆ ಅವರ ಡೆಸ್ಕ್‌ಟಾಪಿನಲ್ಲಿ ಶುಕ್ರವಾರ ರಾತ್ರಿ ಹಾಕಿ ಬಿಟ್ಟು ವಾರಾಂತ್ಯ ನೋಡ್ಬಹುದು, ಯುಪಿಎಸ್ ಮಾತ್ರ ಸರಿ ಇರ್ಲಿ.

ಹತ್ರದ ವಿಶ್ವ ಬೇಕಾ, ರೆಡ್‌ಶಿಫ್ಟ್ ಅರ್ಧಕ್ಕಿಂತ ಕೆಳಗೆ? ಅಲ್ಲಿ ಸರಾಸರಿ ಬೆಳಕಿನ ಆಟ ನಡೆಯುದಿಲ್ಲ, ಕಾಡು ಪೂರಾ ಬೋಳು, ಹೀರಿ ಹೋಗುದು ಶೇಕಡಾ 2ರ ಆಸುಪಾಸು, ಕಂಟಿನ್ಯುಯಮಿನಲ್ಲಿ ಒಂದು ಶೇಕಡಾ ತಪ್ಪಿದ್ರೆ ಅರ್ಧ ಉತ್ತರ ಹೋಯ್ತು. ಹಾಗಾಗಿ ಗೆರೆಗಳನ್ನು ಒಂದೊಂದಾಗಿ ಅಳೆದು, ಎಷ್ಟು ದಪ್ಪದ್ದು ಎಷ್ಟುಂಟು ಅಂತ ಎಣಿಸಿ ಸಿಮ್ಯುಲೇಶನಿಗೆ ಹೋಲಿಸ್ತಾರೆ. ಡೇಟಾ ಹಬಲಿನ ಕಾಸ್ ಉಪಕರಣದ್ದು, 2009ರಲ್ಲಿ ಕೂರಿಸಿದ್ದು, ಸ್ಪೆಕ್ಟ್ರಮ್ ಎಲ್ಲ ಪುಕ್ಕಟೆ. ಈ ಕಡೆ ಹೋಗುವವರು 2014ರ ಗಲಾಟೆ ತಿಳ್ಕೊಂಡಿರ್ಬೇಕು. ಕೋಲ್‌ಮಾಯರ್ ಮತ್ತು ಜೊತೆಯವರು ಗೆರೆಗಳ ಲೆಕ್ಕಕ್ಕೆ ಬೇಕಾದ ಬೆಳಕು ಹಾರ್ಟ್ ಮತ್ತು ಮಾದೌ ಅವರ 2012ರ ಮಾದರಿಯಲ್ಲಿ ಇರುದಕ್ಕಿಂತ ಐದು ಪಟ್ಟು ಜಾಸ್ತಿ, ಉಳಿದ ಬೆಳಕು ಎಲ್ಲಿಂದ ಬಂತು ಅಂತ ಕೇಳಿದ್ರು. ಫೋಟಾನ್ ಕೊರತೆಯ ಬಿಕ್ಕಟ್ಟು ಅಂತಲೇ ಹೆಸರಾಯ್ತು. ಮರು ವರ್ಷ ಪುಣೆಯ ಅಯೂಕಾ ಅನ್ನುವ ಖಗೋಳ ಸಂಶೋಧನಾ ಕೇಂದ್ರದ ವಿಕ್ರಮ್ ಖೈರೆ ಮತ್ತು ಶ್ರೀಆನಂದ್ ಕ್ವೇಸಾರ್‌ಗಳ ಹೊಸ ಲೆಕ್ಕ ಹಾಕಿ ಅಷ್ಟೇನೂ ಕೊರತೆ ಇಲ್ಲ ಅಂದ್ರು, 2017ರಲ್ಲಿ ಗಾಯ್ಕ್‌ವಾಡ್ ಮತ್ತಿತರರು ಕಾಸಿನ 82 ಸ್ಪೆಕ್ಟ್ರಮಿನಿಂದ ರೆಡ್‌ಶಿಫ್ಟ್ 0.1ರ ಹತ್ರ ಗಾಮಾ 6.6 × 10⁻¹⁴ ಅಂತ ತೆಗೆದ್ರು, ಹಳೇ ಮಾದರಿಯ ಎರಡು ಪಟ್ಟು ಚಿಲ್ಲರೆ ಆಯ್ತು, ಐದು ಅಲ್ಲ. ಅದೇ ವರ್ಷ ಫುಮಗಾಲಿ ಮತ್ತು ಜೊತೆಯವರು ಸ್ಪೆಕ್ಟ್ರಮ್ ಗೆರೆಯ ದಾರಿಯೇ ಬಿಟ್ಟು, ಅಡ್ಡಲಾಗಿ ಕಾಣುವ ಯುಜಿಸಿ 7321 ಅನ್ನುವ ಗ್ಯಾಲಕ್ಸಿಯ ಅಂಚಿನ ಗ್ಯಾಸು ಈ ಬೆಳಕಿಗೆ ಮಸುಕಾಗಿ ಹೊಳೆಯುದನ್ನೇ ಹಿಡಿದ್ರು, ಅವರಿಗೂ ಬಂದದ್ದು 6ರಿಂದ 8 × 10⁻¹⁴. ಬೇರೆ ಬೇರೆ ಕಡೆ ಸಾಲ ಮಾಡಿದವರು ಒಂದೇ ಮೊತ್ತ ಹೇಳಿದ್ರೆ ನಂಬ್ಬಹುದು.

ಇದರ ಕಷ್ಟ ಟೈಮು. ಒಂದೊಂದು ಗೆರೆಗೆ ವಾಯ್ಟ್ ಪ್ರೊಫೈಲ್ ಅನ್ನುವ ಗೆರೆಯ ಆಕಾರದ ಸೂತ್ರ ಕೂರಿಸುದು ಕೈಯಲ್ಲಿ ಮಾಡಿದ್ರೆ ನಾಲ್ಕು ತಿಂಗಳಲ್ಲಿ ಐದು ಸ್ಪೆಕ್ಟ್ರಮ್ ಆದ್ರೆ ಪುಣ್ಯ, ತಾನೇ ಕೂರಿಸುವ ಕೋಡ್ ಬರೀಬೇಕು, ಅದು ಪಿಎಚ್‌ಡಿಯವರ ಕೆಲಸ.

ಇಷ್ಟೂ ಹೇಳಿದ್ದು ಬೆಳಕು ಎಷ್ಟು ಅನ್ನುದು. ಬೆಳಕು ಎಂತದ್ದು, ಗಡಸಾ ಮೆದುವಾ ಅಂತ ತಿಳೀಬೇಕಾದ್ರೆ ಹೈಡ್ರೋಜನ್ ಒಂದರಿಂದ ಆಗುದಿಲ್ಲ. ಹೀಲಿಯಮಿನ ಎರಡನೇ ಇಲೆಕ್ಟ್ರಾನ್ ಕೀಳ್ಲಿಕ್ಕೆ 54.4 ಇಲೆಕ್ಟ್ರಾನ್ ವೋಲ್ಟ್ ಬೇಕು, ಅಷ್ಟು ಗಡಸು ಬೆಳಕು ನಕ್ಷತ್ರಗಳಿಂದ ಬರುದಿಲ್ಲ, ಕ್ವೇಸಾರಿಂದ್ಲೇ ಬರ್ಬೇಕು. ಹೀಲಿಯಂ ಗೆರೆಯೂ ಹೈಡ್ರೋಜನ್ ಗೆರೆಯೂ ಒಂದೇ ಗ್ಯಾಸಿನಲ್ಲಿ ಸಿಕ್ಕಿದ್ರೆ ಬೆಳಕು ಕೊಟ್ಟವರು ಯಾರು ಅಂತ ಗೊತ್ತಾಗ್ತದೆ, ಆದ್ರೆ ಹೀಲಿಯಂ ಗೆರೆ 304 ಆಂಗ್‌ಸ್ಟ್ರಾಮಿಂದು, ಹಬಲಿಗೇ ಹೋಗ್ಬೇಕು, ನಡುವೆ ಏನೂ ಅಡ್ಡ ಇಲ್ಲದ ಕ್ವೇಸಾರ್ ಬೆರಳೆಣಿಕೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕಾರ್ಬನ್, ಸಿಲಿಕಾನ್ ಗೆರೆಗಳ ಅನುಪಾತ ನೋಡುದು ಇನ್ನೊಂದು ದಾರಿ, ಭೂಮಿಯಿಂದ್ಲೇ ಆಗ್ತದೆ, ಆದ್ರೆ ಅಲ್ಲಿ ಧಾತುಗಳು ಯಾವ ಪ್ರಮಾಣದಲ್ಲಿ ಉಂಟು ಅನ್ನುದೇ ದೊಡ್ಡ ಸಾಲ. ಆಸೆ ಇದ್ರೆ ಮಾಡಿ, ಮೊದಲ ಪ್ರಾಜೆಕ್ಟಿಗೆ ಮಾತ್ರ ಬೇಡ.

ಕಡೆಯ ದಾರಿ ರೆಡಿಮೇಡ್ ಟೇಬಲ್, ಹಿನ್ನೆಲೆ ಬೆಳಕು ಎಷ್ಟು ಅಂತ ಬೇರೆಯವರು ಮಾದರಿಯಿಂದ ಲೆಕ್ಕ ಹಾಕಿ ಇಟ್ಟದ್ದು. ಹಾರ್ಟ್ ಮಾದೌ ಉಂಟು, ಫೋಶೆ ಝಿಗೇರ್ 2020 ಉಂಟು, ನಮ್ಮ ಖೈರೆ ಶ್ರೀಆನಂದ್ 2019 ಉಂಟು, ಅದ್ರಲ್ಲಿ ಕ್ವೇಸಾರ್ ಬೆಳಕಿನ ಇಳಿಜಾರು ಬೇರೆ ಬೇರೆ ಇಟ್ಟು ಏಳೆಂಟು ಆವೃತ್ತಿ ಕೊಟ್ಟಿದ್ದಾರೆ. ಯಾರಾದ್ರೂ ಗ್ಯಾಸಿನ ಮೆಟಲ್ ಅಂಶ ತೆಗೀಲಿಕ್ಕೆ ಕ್ಲೌಡಿ ಅನ್ನುವ ಕೋಡ್ ಓಡಿಸುದಾದ್ರೆ ಇದೇ ಸರಿ, ಹೊಸತಾಗಿ ಅಳೆಯುದು ಎಂತಕ್ಕೆ, ಎರಡು ಟೇಬಲ್ ಹಾಕಿ ಉತ್ತರ ಎಷ್ಟು ಅಲ್ಲಾಡ್ತದೆ ಅಂತ ನೋಡಿದ್ರೆ ಆಯ್ತು. ಆದ್ರೆ ನನಗೆ ಸಿಟ್ಟು ಬರುದು ಒಂದು ವಿಷಯಕ್ಕೆ. ಟೇಬಲ್ ತೆಗೊಂಡು ಸುಳ್ಳು ಸ್ಪೆಕ್ಟ್ರಮ್ ಮಾಡಿ, ಅದು ಕಣ್ಣಿಗೆ ಕಂಡದ್ದಕ್ಕೆ ಹೊಂದ್ತದೆ, ಹಾಗಾಗಿ ನಾನು ಯುವಿ ಹಿನ್ನೆಲೆ ಅಳೆದೆ ಅಂತ ಥೀಸಿಸ್ ಬರೆಯುವವರು ಇದ್ದಾರೆ. ಆ ಟೇಬಲ್ ಮಾಡಿದವರು ಅದೇ ಗೆರೆಗಳ ಅಳತೆಗೆ ಹೊಂದುವ ಹಾಗೆ ಮಾಡಿದ್ದು! ಕೊಟ್ಟವರ ಮನೆಯಿಂದ್ಲೇ ತಂದು ಅವರಿಗೇ ತೀರಿಸಿದ ಹಾಗೆ ಆಯ್ತು.

ಹಾಗಾದ್ರೆ ಯಾರಿಗೆ ಯಾವುದು? ಬದಿಯಡ್ಕದ ಹುಡುಗನಿಗೆ ಹತ್ರದ ವಿಶ್ವ ಅಂತ ಹೇಳಿದೆ, ಮೂರ್ನಾಲ್ಕು ವರ್ಷ ಉಂಟು, ಗೆರೆ ಕೂರಿಸುವ ಕೋಡ್ ಬರೆದ್ರೆ ಅದು ಅವನ ಆಸ್ತಿ. ಹೊಸೂರಿನವರು ಸರಾಸರಿ ಬೆಳಕು, ಸ್ವಂತ ಸಿಮ್ಯುಲೇಶನ್, ರೆಡ್‌ಶಿಫ್ಟ್ 2ರಿಂದ 3, ಅವಸರ ಇಲ್ಲ. ರೆಡ್‌ಶಿಫ್ಟ್ 5ರ ಮೇಲೆ ಬೇಕು ಅನ್ನುವವರು ಯಾರಾದ್ರೂ ಇದ್ರೆ ಸ್ವಲ್ಪ ತಡೀರಿ, ಅಲ್ಲಿ ಬೆಳಕು ಎಲ್ಲ ಕಡೆ ಸಮ ಇಲ್ಲ, ಒಂದೇ ಗಾಮಾ ಅನ್ನುವ ಮಾತಿಗೇ ಅರ್ಥ ಕಮ್ಮಿ, ಗೈಡ್ ಗಟ್ಟಿ ಇದ್ರೆ ಮಾತ್ರ ಇಳೀರಿ.

ಪೆರ್ಲದ ಹುಡುಗಿಗೆ ಸ್ಕ್ವಾಡಿನಿಂದ ರೆಡ್‌ಶಿಫ್ಟ್ 3ರಿಂದ 3.3ರ ಒಳಗಿನ ಇಪ್ಪತ್ತು ಮೂವತ್ತು ಕ್ವೇಸಾರ್, ಲಾಗ್‌ನಾರ್ಮಲ್ ಮಾದರಿ, ಸರಾಸರಿ ಬೆಳಕು ಅಂತ ಹೇಳಿದ್ದೆ. ಕ್ವೇಸಾರಿನ ಲೆಕ್ಕದಲ್ಲಿ, ಅಂದ್ರೆ ರೆಡ್‌ಶಿಫ್ಟ್ ತೆಗೆದ ಮೇಲೆ, 1050ರಿಂದ 1180 ಆಂಗ್‌ಸ್ಟ್ರಾಮಿನ ನಡುವಿನ ತುಂಡು ಮಾತ್ರ ಇಟ್ಕೋ, ಕೆಳಗೆ ಹೋದ್ರೆ ಹೈಡ್ರೋಜನಿನ ಮುಂದಿನ ಗೆರೆ ಲೈಮನ್ ಬೀಟಾ ಬಂದು ಸೇರ್ತದೆ, ಮೇಲೆ ಹೋದ್ರೆ ಕ್ವೇಸಾರಿನ ಸ್ವಂತ ಬೆಳಕು ಹಾಳು ಮಾಡ್ತದೆ, ತಟಸ್ಥ ಗ್ಯಾಸು ಭಾರೀ ದಟ್ಟ ಇರುವಲ್ಲಿ ಬರುವ ದೊಡ್ಡ ದೊಡ್ಡ ಡ್ಯಾಂಪ್ಡ್ ಗೆರೆ ಇದ್ರೆ ಮುಚ್ಚಿ ಹಾಕು ಅಂತಲೂ ಹೇಳಿದ್ದೆ. ಮೊನ್ನೆ ಕರೆಂಟ್ ಇಲ್ಲದ ಹೊತ್ತಿಗೆ ಫೋನ್ ಮಾಡಿ ಕೇಳಿದ್ಳು, ಸರ್, ಮೇಲೆ ಕತ್ತರಿಸಿ ಬಿಸಾಡಿದ ತುಂಡು ಉಂಟಲ್ಲ, 1180ರಿಂದ 1215ರ ವರೆಗೆ, ಅದೇ ಅಲ್ವಾ ನಿಮ್ಮ ಪೆಟ್ರೋಮ್ಯಾಕ್ಸ್ ಇರುವ ಜಾಗ? ಹೌದು, ಅದೇ. ಮೂವತ್ತರಲ್ಲಿ ಆರು ಕ್ವೇಸಾರಿಗೆ ಮೆಗ್ನೀಸಿಯಂ ರೆಡ್‌ಶಿಫ್ಟ್ ಸಿಕ್ಕಿದೆಯಂತೆ ಅವಳಿಗೆ. ಆರರಲ್ಲಿ ಎರರ್ ಬಾರ್ ದೊಡ್ಡದೇ ಬರ್ತದೆ, ಬರ್ಲಿ, ಒಂದು ತಾಪಮಾನದ ಸಾಲ ಇನ್ನೊಂದು ರೆಡ್‌ಶಿಫ್ಟಿನ ಸಾಲ, ಒಂದೇ ಸ್ಪೆಕ್ಟ್ರಮಿನಿಂದ ಎರಡು ಉತ್ತರ ಪಕ್ಕಪಕ್ಕ ಇಟ್ಟು ತೋರಿಸು ಅಂತ ಹೇಳಿದ್ದೇನೆ. ಲ್ಯಾಪ್‌ಟಾಪಿನಲ್ಲಿ 12 ಪರ್ಸೆಂಟ್ ಚಾರ್ಜ್ ಉಂಟು, ಆಮೇಲೆ ಮಾಡ್ತೇನೆ ಅಂತ ಇಟ್ಳು.